ಏಳನೆಯ ಆಟಗಾರ

2024ರ ಸೆಪ್ಟೆಂಬರ್ 14, ಶನಿವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಬಾಲಕೃಷ್ಣನ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದರೆ ಬೆಳಕೇ ಕಾಣಲಿಲ್ಲ. ಚೌಕಟ್ಟಿನ ತುಂಬ ಪಕ್ಕದ ಮನೆಯ ಅಪಿಸಾಯಿ ನಿಂತಿದ್ದ.

ಅಪಿಸಾಯಿ ಫಿಜಿ ದ್ವೀಪದವನು. ತಂಡಕ್ಕೆ ಏಳೇ ಜನ, ಅರ್ಧಕ್ಕೆ ಏಳೇ ನಿಮಿಷ ಇರುವ ಸೆವೆನ್ಸ್ ರಗ್ಬಿಯಲ್ಲಿ ಹೆಸರು ಮಾಡಿದವನು. ಹಾಂಕಾಂಗ್‌ನ ದೊಡ್ಡ ಪಂದ್ಯಾವಳಿಯಲ್ಲಿ ಅವನು ಚೆಂಡು ಹಿಡಿದರೆ ಎದುರಾಳಿಗಳು ಒಗ್ಗರಣೆಯ ಸಾಸಿವೆಯಂತೆ ಸಿಡಿದು ಚೆದುರುತ್ತಿದ್ದರಂತೆ. ಮೊಣಕಾಲು ಕೈಕೊಟ್ಟ ಮೇಲೆ ಇಲ್ಲಿ ತರಬೇತುದಾರನಾಗಿದ್ದ.

"ಬಾಲಾ, ಶೂ ಹಾಕು. ಆಸ್ಪತ್ರೆಗೆ ಹಣ ಕೂಡಿಸೋ ಪಂದ್ಯ. ನಮಗೆ ಒಬ್ಬ ಕಡಿಮೆ."

ಬಾಲಕೃಷ್ಣ ಬಾಗಿಲ ಹಿಂದಕ್ಕೆ ಅರ್ಧ ಸರಿದ. ಹಿಂದಿನ ವಾರ ಗಣೇಶನ ಹಬ್ಬದ ಊಟಕ್ಕೆ ಅಪಿಸಾಯಿಯನ್ನು ಕರೆದು, ಮೂರನೆಯ ಕಡುಬಿನ ಉತ್ಸಾಹದಲ್ಲಿ, ತಾನು ಕಾಲೇಜಿನ ಕಬಡ್ಡಿ ಕ್ಯಾಪ್ಟನ್ ಎಂದುಬಿಟ್ಟಿದ್ದ. ಮಗಳು ಚಿನ್ಮಯಿಗಂತೂ ತೊಟ್ಟಿಲಿನಿಂದಲೂ ಅದೇ ಕತೆ. ನಿಜವೆಂದರೆ, ಅವನು ಅಂಕಣದ ಪಕ್ಕ ಕುರ್ಚಿ ಹಾಕಿಕೊಂಡು ಪಾಯಿಂಟ್ ಬರೆಯುತ್ತಿದ್ದವನು.

"ಅದು ಕಬಡ್ಡಿ ಕಣಪ್ಪಾ, ಇದು ರಗ್ಬಿ..."

"ಅದ್ರಲ್ಲೂ ಏಳು ಜನ, ಇದ್ರಲ್ಲೂ ಏಳು ಜನ! ನಾನು ಶುರುಮಾಡಿದ್ದು ಹೇಗೆ ಗೊತ್ತಾ? ನಮ್ಮ ಹಳ್ಳಿ ತಂಡಕ್ಕೆ ಏಳನೆಯವನು ಬರಲಿಲ್ಲ. ಬೇಲಿ ಮೇಲೆ ಕೂತು ಕಬ್ಬು ಜಗೀತಿದ್ದ ನನ್ನನ್ನ ಎಳಕೊಂಡು ಹೋದ್ರು. ಅಲ್ಲಿಂದ ಸೀದಾ ಹಾಂಕಾಂಗ್. ಏಳನೆಯವನನ್ನ ದೇವರೇ ಕಳಿಸ್ತಾನೆ."

"ಡ್ಯಾಡ್, ಪ್ಲೀಸ್!" ಎಂದಳು ಚಿನ್ಮಯಿ. ಕಣ್ಣಲ್ಲಿ ಹೊಳಪು. ಅಲ್ಲಿಗೆ ಮುಗಿಯಿತು.

ಮೈದಾನದ ಅಂಚಿನಲ್ಲಿ ಎದುರುಮನೆಯ ಸಿದ್ದವ್ವ ಛತ್ರಿ ಹಿಡಿದು ಆಗಲೇ ಹಾಜರಿದ್ದರು. "ಏನ್ರೀ ಬಾಲಕೃಷ್ಣ, ಚಡ್ಡಿ ಹಾಕ್ಕೊಂಡ ಮ್ಯಾಲ ಗಾಳಿಪಟದ ಕಡ್ಡಿ ಕಂಡಂಗ ಕಾಣಾಕತ್ತೀರಲ್ರೀ!"

ಅಪಿಸಾಯಿ ನಿಯಮ ಹೇಳಿಕೊಟ್ಟ. "ಓಡೋದು ಮುಂದಕ್ಕೆ. ಕೈಯಿಂದ ಎಸೆಯೋದು ಹಿಂದಕ್ಕೆ ಮಾತ್ರ."

"ಮುಂದೆ ಅಂದ್ರೆ ಯಾವ ಕಡೆ?"

"ಅವರ ಗೆರೆ ಕಡೆ. ಅರ್ಧ ಆದ್ಮೇಲೆ ಕಡೆ ಬದಲಾಗುತ್ತೆ."

ಎಂಜಿನಿಯರನಾದ ಬಾಲಕೃಷ್ಣ ಇದನ್ನು ಮನಸ್ಸಿನಲ್ಲೇ ಚಿತ್ರ ಬಿಡಿಸಿ ನೋಡಿದ. ಎಲ್ಲ ಬಾಣಗಳೂ ಒಂದಕ್ಕೊಂದು ಗುದ್ದಾಡಿದವು.

ಚೆಂಡು ಎಡಕ್ಕೆ ಹೋದರೆ ತಾನು ಬಲಕ್ಕೆ ಹೋಗುತ್ತ ಆಟದ ಬಹುಭಾಗವನ್ನು ಹೇಗೋ ತಳ್ಳಿದ. ಕೊನೆಯ ನಿಮಿಷ. ತಂಡ ಎರಡೇ ಅಂಕ ಮುಂದಿತ್ತು. ಆಗ ಆ ಮೊಟ್ಟೆಯಾಕಾರದ ಚೆಂಡು ನೆಲಕ್ಕೆ ಬಡಿದು, ಮನಸ್ಸು ಬದಲಿಸಿ, ನಡುಗೆರೆಯ ಬಳಿ ನಿಂತಿದ್ದ ಬಾಲಕೃಷ್ಣನ ಎದೆಗೇ ಬಂದು ಅಪ್ಪಿಕೊಂಡಿತು.

"ಕಬಡ್ಡಿ, ಡ್ಯಾಡ್!" ಚಿನ್ಮಯಿ ಕೂಗಿದಳು.

ಆ ಒಂದು ಮಾತಿಗೆ, ಕುರ್ಚಿಯಲ್ಲಿ ಕೂತು ನೋಡಿದ್ದೆಲ್ಲ ಕಾಲಿಗಿಳಿಯಿತು. "ಕಬಡ್ಡಿ ಕಬಡ್ಡಿ" ಎನ್ನುತ್ತ ಎದುರಾಳಿಗಳ ನಡುವೆ ನುಗ್ಗಿ, ಎಲ್ಲರಿಗಿಂತ ದಪ್ಪನೆಯವನ ಭುಜವನ್ನು ಎರಡು ಬೆರಳಿನಿಂದ ಮುಟ್ಟಿ, ಗಿರ್ರನೆ ತಿರುಗಿ, ತನ್ನ ಕಡೆಗೇ ಓಡತೊಡಗಿದ!

ಎದುರಾಳಿಗಳು ಕಕ್ಕಾಬಿಕ್ಕಿ. ಇಬ್ಬರು ಪರಸ್ಪರ ಡಿಕ್ಕಿ ಹೊಡೆದು ಬಿದ್ದರು. "ಆ ಕಡೆ! ಆ ಕಡೆ!" ಎಂದು ಅಪಿಸಾಯಿ ಗರ್ಜಿಸಿದ. ಮೈದಾನದ ತುಂಬ ಗೆರೆಗಳು. ತನ್ನ ಮನೆಯ ಗೆರೆ ಯಾವುದೆಂದು ತಿಳಿಯದೆ ಬಾಲಕೃಷ್ಣ ಎಲ್ಲವನ್ನೂ ದಾಟಿ, ಕಟ್ಟಕಡೆಯ ಗೆರೆಯಾಚೆ ಚೆಂಡಿನ ಮೇಲೆ ದಬಕ್ಕನೆ ಬಿದ್ದ. ಸೀಟಿ ಕೂಗಿತು. ಸ್ವಂತ ಕಡೆಯ ಗೆರೆಯಾಚೆ ಬಿದ್ದರೆ ಎದುರಾಳಿಗೆ ಅಂಕವಿಲ್ಲ; ಆಟದ ಹೊತ್ತೂ ಮೀರಿತ್ತು. ತಂಡ ಗೆದ್ದಿತ್ತು.

"ನನ್ನ ಇಡೀ ಆಟದ ಬದುಕಿನಲ್ಲಿ ಹೊತ್ತು ಕಳೆಯೋಕೆ ಇಂಥ ಉಪಾಯ ನೋಡಿಲ್ಲ!" ಎಂದು ಅಪಿಸಾಯಿ ಅವನನ್ನು ಎತ್ತಿ ಹೆಗಲಿಗೇರಿಸಿದ.

"ಐ ನ್ಯೂ ಇಟ್, ಡ್ಯಾಡ್!" ಎಂದಳು ಚಿನ್ಮಯಿ.

ಮಗಳ ಆ ನಂಬಿಕೆ ಪಕ್ಕೆಲುಬಿನ ನೋವಿಗಿಂತ ಜೋರಾಗಿ ಚುಚ್ಚಿತು. ಹೆಗಲ ಮೇಲಿಂದಲೇ ಬಾಲಕೃಷ್ಣ ಬಾಯಿಬಿಟ್ಟ. "ಪುಟ್ಟೀ, ನಾನು ಕಬಡ್ಡಿ ಆಡೇ ಇಲ್ಲ. ಪಾಯಿಂಟ್ ಬರೀತಿದ್ದೆ ಅಷ್ಟೆ. ಈಗ್ಲೂ ದಿಕ್ಕು ತಪ್ಪಿ ಓಡ್ದೆ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

"ಹೀಸ್ ಸೋ ಹಂಬಲ್," ಎಂದಳು ಮಗಳು.

ಅಪಿಸಾಯಿ ಕಣ್ಣೊರೆಸಿಕೊಂಡ. "ದೊಡ್ಡ ಆಟಗಾರರ ಲಕ್ಷಣವೇ ಇದು. ಮುಂದಿನ ಶನಿವಾರ ಲೀಡ್ಸ್‌ನಲ್ಲಿ ಪಂದ್ಯ. ಆಮೇಲೆ ಸೀಸನ್ ಪೂರ್ತಿ ನೀನೇ."

"ನಮ್ಮ ಹುಡುಗೂರಿಗೂ ಒಂದೀಟು ಕಲಸ್ರಿ ಮತ್ತ!" ಎಂದರು ಸಿದ್ದವ್ವ.

ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಬಾಲಕೃಷ್ಣ ಆಟಕ್ಕೆ ಮೊದಲು ಅಪಿಸಾಯಿ ಅಂಗಿಯ ಬೆನ್ನಿಗೆ ಸಿಕ್ಕಿಸಿದ್ದ, ಓಟ ಅಳೆಯುವ ಜಿಪಿಎಸ್ ಬಿಲ್ಲೆಯ ಲೆಕ್ಕವನ್ನು ಫೋನಿನಲ್ಲಿ ತೆಗೆಸಿ ಎಲ್ಲರ ಮುಂದೆ ಹಿಡಿದ. ಎಲ್ಲರೂ ಸೆಲ್ಫಿಗೆ ಹಲ್ಲು ಬಿಡುತ್ತಿದ್ದರು. ಓದಿದವನು ಅವನೊಬ್ಬನೇ: ಚೆಂಡು ಹಿಡಿದು ಸಾಧಿಸಿದ ಮುನ್ನಡೆ, ಮೈನಸ್ ನಲವತ್ತೆಂಟು ಮೀಟರ್.