ಊಟಕ್ಕೆ ಕರೆಯಲು ಹೋದ ಕಪ್ಪು ಪರದೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಬಾರದವಳಲ್ಲ. ಬಾರದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ! ಚೆನ್ನೈನ ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸರ್ವರ್‌ಗಳ ಯೋಗಕ್ಷೇಮ ನೋಡಿಕೊಳ್ಳುವುದು ನನ್ನ ಉದ್ಯೋಗ. ಮೌಸ್ ಹಿಡಿದು ಕ್ಲಿಕ್ ಮಾಡುವವರನ್ನು ಕಂಡರೆ ನನಗೆ ಒಳಗೊಳಗೇ ಕನಿಕರ. ಕಪ್ಪು ಪರದೆ, ಬಿಳಿ ಅಕ್ಷರ, ಮಿಣುಕುವ ಕರ್ಸರ್, ಇಷ್ಟಿದ್ದರೆ ಪ್ರಪಂಚವನ್ನೇ ಆಳಬಹುದು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಕಳೆದ ವರ್ಷ ನನ್ನ ತಮ್ಮ ಗುರುವಿನ ಮಗಳು ವೈಷ್ಣವಿಗೆ ಮದುವೆ ಗೊತ್ತಾಯಿತು. ಹುಡುಗ ತಮಿಳಿನವನು, ಅವಳ ಆಫೀಸಿನವನೇ. ಮಂಟಪ ವೆಸ್ಟ್ ಮಾಂಬಲಂನಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮೇಲೆ ಮದುವೆ, ಕೆಳಗೆ ಊಟ. ಆ ಊಟದ ಹಾಲ್ ನನಗೆ ಚೆನ್ನಾಗಿ ಗೊತ್ತು. ಒಂದು ಪಂಕ್ತಿಗೆ ನೂರು ಜನ ಕೂರುತ್ತಾರೆ. ಉಳಿದವರು ಉಣ್ಣುವವರ ಕುರ್ಚಿಯ ಹಿಂದೆ ನಿಂತು, ಇವರು ಎಷ್ಟು ಹೊತ್ತಿಗೆ ಮಜ್ಜಿಗೆಗೆ ಬರುತ್ತಾರೆ ಎಂದು ಎಲೆಯನ್ನೇ ದಿಟ್ಟಿಸುತ್ತಿರುತ್ತಾರೆ. ಎರಡನೇ ಸಲ ಪಾಯಸ ಕೇಳಿದರೆ ಬೆನ್ನ ಹಿಂದಿನಿಂದ ಒಂದು ನಿಟ್ಟುಸಿರು ಕೇಳಿಸುತ್ತದೆ!

ಗುರುವಿಗೆ ಅದೇ ಚಿಂತೆ. "ಅಕ್ಕಾ, ಬೀಗರ ಕಡೆ ವಯಸ್ಸಾದೋರು ಜಾಸ್ತಿ. ಅವರನ್ನೆಲ್ಲ ಕುರ್ಚಿ ಹಿಂದೆ ನಿಲ್ಲಿಸಿದ್ರೆ ಜನ್ಮಪೂರ್ತಿ ಆಡಿಕೊಳ್ತಾರೆ" ಎಂದ.

"ಅದನ್ನ ನನಗೆ ಬಿಡು" ಎಂದೆ.

ಈ ಮೂರು ಪದಗಳನ್ನು ನಾನು ಯಾರ ಬಲವಂತವೂ ಇಲ್ಲದೆ, ಪೂರ್ಣ ಸ್ವಇಚ್ಛೆಯಿಂದ ಹೇಳಿದೆ ಎಂದು ಇಲ್ಲಿ ದಾಖಲಿಸುತ್ತೇನೆ.

ನನ್ನ ಯೋಜನೆ ಸರಳವಾಗಿತ್ತು. ಬಾಗಿಲಲ್ಲೇ ಪ್ರತಿಯೊಬ್ಬರಿಗೂ ಒಂದು ಹೂವಿನ ಚೀಟಿ. ಬೀಗರ ಕಡೆಯ ಹಿರಿಯರಿಗೆ ರೋಸ್, ನಮ್ಮ ಕಡೆಯವರಿಗೆ ಲಿಲಿ, ಸ್ನೇಹಿತರಿಗೆ ಜಾಸ್ಮಿನ್. ಮದುವೆ ಹಾಲ್‌ನಲ್ಲಿ ಫೋಟೋ ತೋರಿಸಲೆಂದು ಒಂದು ದೊಡ್ಡ ಟಿ.ವಿ. ಬರುತ್ತದಲ್ಲ, ಅದಕ್ಕೆ ನನ್ನ ಲ್ಯಾಪ್‌ಟಾಪ್ ಜೋಡಿಸುವುದು. ತಾಳಿ ಕಟ್ಟಿದ ಮೇಲೆ ಪರದೆಯ ಮೇಲೆ ‘ರೋಸ್’ ಎಂದು ಬಂದರೆ ರೋಸಿನವರು ಮಾತ್ರ ಕೆಳಗಿಳಿಯುವುದು. ತಳ್ಳಾಟವಿಲ್ಲ, ನಿಟ್ಟುಸಿರಿಲ್ಲ!

ನಮ್ಮವರು ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತರು. ಅಪಾಯದ ವಾಸನೆ ಬೇಗ ಹಿಡಿಯುತ್ತಾರೆ.

"ಯಾರಾದ್ರೂ ಒಬ್ರು ನಿಂತು ಕೂಗಿದ್ರೆ ಆಗಲ್ವೇನೇ?" ಎಂದರು.

"ರೀ, ಇದು ಯಾವ ಕಾಲ?"

"ಊಟದ ಕಾಲ" ಎಂದರು.

ನಾನು ಲ್ಯಾಪ್‌ಟಾಪ್ ತೆರೆದೆ. ನಮ್ಮ ಕಪ್ಪು ಪರದೆಗೆ ‘ಟಿಪುಟ್’ ಎಂಬ ಒಂದು ಕಮಾಂಡ್ ಇದೆ. ಅದರ ಮೂಲಕ ಪರದೆಯನ್ನು ಮಾತಾಡಿಸಬಹುದು. ನೀನು ಎಷ್ಟು ಅಕ್ಷರ ಅಗಲ, ಎಷ್ಟು ಸಾಲು ಎತ್ತರ, ನಿನಗೆ ಎಷ್ಟು ಬಣ್ಣ ಬರುತ್ತದೆ ಎಂದು ಕೇಳಿದರೆ ಅದು ವಿನಯದಿಂದ ಉತ್ತರಿಸುತ್ತದೆ. ಕೆಂಪಾಗು ಅಂದರೆ ಕೆಂಪಾಗುತ್ತದೆ. ಅಕ್ಷರ ದಪ್ಪ ಮಾಡು, ಮಿನುಗಿಸು, ಕರ್ಸರ್ ಬಚ್ಚಿಡು, ಗಂಟೆ ಹೊಡೆ, ಏನು ಹೇಳಿದರೂ ಮಾಡುತ್ತದೆ. ಮನೆಯಲ್ಲಿ ಇಷ್ಟು ಹೇಳಿದ ಮಾತು ಕೇಳುವವರು ನನಗೆ ಬೇರೆ ಯಾರೂ ಇಲ್ಲ.

ಕನ್ನಡದಲ್ಲೇ ಬರೆಯೋಣವೆಂದು ನೋಡಿದೆ. ಆದರೆ ನನ್ನ ಟರ್ಮಿನಲ್‌ಗೆ ಒತ್ತಕ್ಷರವೆಂದರೆ ಆಗದು. ‘ಮಲ್ಲಿಗೆ’ ಎಂದು ಬರೆದರೆ ಲಕಾರ ಒಂದು ಕಡೆ, ಅದರ ಒತ್ತು ಇನ್ನೊಂದು ಕಡೆ ಜಗಳವಾಡಿದವರಂತೆ ಕೂತವು. ಸರಿ, ಇಂಗ್ಲಿಷಿನ ದೊಡ್ಡಕ್ಷರಗಳೇ ಇರಲಿ ಎಂದುಕೊಂಡೆ. ಪರದೆಯನ್ನು ‘ನೀನೆಷ್ಟು ಅಗಲ?’ ಎಂದು ಕೇಳಿದೆ. ‘ನೂರ ಅರವತ್ತು ಅಕ್ಷರ’ ಎಂದಿತು. ಹೂವಿನ ಹೆಸರು ನಟ್ಟನಡುವೆ ಬರಬೇಕಲ್ಲ, ಲೆಕ್ಕ ಹಾಕಿ ಎಪ್ಪತ್ತೆಂಟನೇ ಅಕ್ಷರದ ಮನೆಯಿಂದ ಶುರುವಾಗುವಂತೆ ಬರೆದೆ. ಜೊತೆಗೆ ಪ್ರತಿ ಹೂವಿಗೂ ಮೂರು ಸಲ ಗಂಟೆ. ಮನೆಯಲ್ಲಿ ಲ್ಯಾಪ್‌ಟಾಪಿನ ಸದ್ದು ಅಡಗಿಸಿಟ್ಟಿದ್ದರಿಂದ ಆ ಗಂಟೆ ಹೇಗಿರುತ್ತದೆಂದು ನಾನು ಕೇಳಲಿಲ್ಲ. ಗಂಟೆ ಗಂಟೆಯಂತೆ ಇರುತ್ತದೆ, ಅದರಲ್ಲಿ ಕೇಳುವುದೇನಿದೆ?

ಮದುವೆಯ ಬೆಳಿಗ್ಗೆ ರೇಷ್ಮೆ ಸೀರೆಯುಟ್ಟು, ಲ್ಯಾಪ್‌ಟಾಪ್ ಕಂಕುಳಲ್ಲಿ ಇರುಕಿಕೊಂಡು ಮಂಟಪಕ್ಕೆ ಹೋದೆ. ಟಿ.ವಿ. ಬಾಡಿಗೆಗೆ ತಂದವರು ವೈರ್ ಜೋಡಿಸಿಕೊಟ್ಟರು. ಹಿಂದಿನ ಸಾಲಿನವರಿಗೂ ಕಾಣಲೆಂದು ನಾನು ಅಕ್ಷರಗಳನ್ನು ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ಅಕ್ಷರ ದೊಡ್ಡದಾದಷ್ಟೂ ಪರದೆಯಲ್ಲಿ ಹಿಡಿಸುವ ಅಕ್ಷರಗಳು ಕಡಿಮೆಯಾಗುತ್ತವೆ ಎಂಬ ಸತ್ಯ ಒಂದನೇ ಕ್ಲಾಸಿನ ಮಗುವಿಗೂ ತಿಳಿಯುತ್ತದೆ. ನನಗೆ ಇಪ್ಪತ್ತೆರಡು ವರ್ಷದ ಅನುಭವವಿತ್ತು. ತಿಳಿಯಲಿಲ್ಲ.

"ಅಕ್ಕಾ, ಒಂದ್ಸಲ ಹಾಕಿ ನೋಡ್ಬಿಡೋಣ್ವಾ?" ಎಂದು ಗುರು ಕೇಳಿದ.

"ನೂರೆಂಟು ಸರ್ವರ್ ನನ್ನ ನಂಬಿಕೊಂಡಿವೆ ಕಣೋ. ನೀನೊಬ್ಬ ನಂಬೋದಕ್ಕೆ ಏನು?"

ಅವನು ನಂಬಿದ.

ಮುಹೂರ್ತ ಹತ್ತಿರ ಬಂತು. ತಾಳಿಯ ತಟ್ಟೆಯನ್ನು ಹಿರಿಯರೆಲ್ಲ ಮುಟ್ಟಿ ಹರಸಲೆಂದು ಸಭೆಯಲ್ಲಿ ಸುತ್ತಿಸುತ್ತಿದ್ದರು. ಅಷ್ಟರಲ್ಲಿ ಬೀಗರ ಕಡೆಯ ಒಬ್ಬ ಅಜ್ಜಿ ನನ್ನ ಬಳಿ ಬಂದು, ತಮಗೆ ಸಕ್ಕರೆ ಕಾಯಿಲೆ, ಊಟ ತಡವಾದರೆ ತಲೆ ಸುತ್ತುತ್ತದೆ ಎಂದರು. ಪಾಪ ಅನಿಸಿತು. ಪರದೆಯ ಮೇಲೆ ‘ರೋಸ್’ ಬಂದು ನಿಂತಿರಲಿ, ತಾಳಿ ಕಟ್ಟಿದೊಡನೆ ಇವರೆಲ್ಲ ಇಳಿಯಲು ಸುಲಭ ಎಂದುಕೊಂಡು ಎಂಟರ್ ಒತ್ತಿದೆ.

ಟಣ್! ಟಣ್! ಟಣ್!

ಬೆಳಿಗ್ಗೆ ಮದುಮಕ್ಕಳ ವಿಡಿಯೋ ತೋರಿಸಿದವರು ಟಿ.ವಿ.ಯ ಸದ್ದನ್ನು ಪೂರ್ತಿ ಏರಿಸಿಟ್ಟು ಹೋಗಿದ್ದರು. ಆ ಗಂಟೆ ಮಾಂಬಲಂ ಸ್ಟೇಷನ್ನಿಗೂ ಕೇಳಿಸಿರಬೇಕು. ಅದೂ ಹೋಗಲಿ ಎನ್ನಿ. ಆಮೇಲೆ ತಿಳಿದ ಸಂಗತಿ ಏನೆಂದರೆ, ಫೋಟೋ ತೆಗೆಯುವವರು ಅಡ್ಡ ನಿಲ್ಲುವುದರಿಂದ ಪುರೋಹಿತರ ಕೈಸನ್ನೆ ನಾದಸ್ವರದವರಿಗೆ ಕಾಣುವುದಿಲ್ಲ. ಹಾಗಾಗಿ ‘ನಾನು ಗಂಟೆ ಬಾರಿಸಿದ ಕೂಡಲೇ ಗಟ್ಟಿಮೇಳ ಶುರುಮಾಡಿ’ ಎಂದು ಪುರೋಹಿತರು ಅವರಿಗೆ ಮೊದಲೇ ಹೇಳಿಟ್ಟಿದ್ದರು!

ಡೋಲು ಗುಡುಗಿತು. ನಾದಸ್ವರ ಮುಗಿಲು ಮುಟ್ಟಿತು. ಇಡೀ ಸಭೆ ಎದ್ದು ನಿಂತು ಅಕ್ಷತೆ ಎರಚಿತು. ಆಗ ತಾಳಿ ಎಲ್ಲಿತ್ತು? ನಾಲ್ಕನೇ ಸಾಲಿನಲ್ಲಿ, ಕ್ರೋಂಪೇಟೆಯಿಂದ ಬಂದಿದ್ದ ನಮ್ಮ ಶಾರದತ್ತೆಯ ಕೈಯಲ್ಲಿ! ಅರ್ಧ ಅಕ್ಷತೆ ಅವರ ತಲೆಯ ಮೇಲೇ ಬಿತ್ತು. ಎಪ್ಪತ್ತು ದಾಟಿದ ಶಾರದತ್ತೆ ತಟ್ಟೆ ಹಿಡಿದುಕೊಂಡು, ಇನ್ನೇನು ಮಾಡಲೂ ತೋಚದೆ, ಎಲ್ಲರಿಗೂ ತಲೆಬಾಗಿ ನಮಸ್ಕಾರ ಮಾಡಿದರು.

ಪುರೋಹಿತರು ಎರಡೂ ಕೈ ಬೀಸಿ "ಇರುಂಗೋ! ಇರುಂಗೋ!" ಎಂದು ಕೂಗುತ್ತಿದ್ದರು. ಕೇಳುವವರು ಯಾರು? ತಾಳಿ ಆಯಿತೆಂದುಕೊಂಡ ಜನ ಆಗಲೇ ಊಟದ ಕಡೆ ತಿರುಗಿದ್ದರು. ತಿರುಗಿದವರು ಪರದೆ ನೋಡಿದರು. ನಾನೂ ನೋಡಿದೆ.

ನಾನು ಅಳತೆ ತೆಗೆದುಕೊಂಡಿದ್ದು ನಮ್ಮನೆ ಪರದೆಯದು, ಬಟ್ಟೆ ಹೊಲಿದಿದ್ದು ಮಂಟಪದ ಪರದೆಗೆ. ದೊಡ್ಡ ಅಕ್ಷರದಿಂದಾಗಿ ಅಲ್ಲಿ ಇದ್ದದ್ದೇ ಇಪ್ಪತ್ತೈದು ಮನೆ. ಎಪ್ಪತ್ತೆಂಟನೇ ಮನೆಗೆ ಹೋಗು ಅಂದರೆ ಅದು ಎಲ್ಲಿಗೆ ಹೋಗಬೇಕು? ಬಲತುದಿಗೆ ಹೋಗಿ ‘ಆರ್’ ಅಕ್ಷರವನ್ನು ಬರೆಯಿತು. ಜಾಗ ಮುಗಿಯಿತು. ಉಳಿದ ಮೂರನ್ನು ಕೆಳಗಿನ ಸಾಲಿನ ಎಡತುದಿಯಲ್ಲಿ ಬರೆಯಿತು. ಟಿ.ವಿ.ಯೋ, ಅಂಚಿನಲ್ಲಿ ಒಂದಿಷ್ಟು ಚಿತ್ರವನ್ನು ನುಂಗುವ ಜಾತಿಯದು. ಆರ್ ಅಕ್ಷರವನ್ನು ಪೂರ್ತಿ ನುಂಗಿತ್ತು. ರಕ್ತಗೆಂಪು ಪರದೆಯ ಮೇಲೆ ಓ, ಎಸ್, ಇ ಎಂಬ ಮೂರೇ ಅಕ್ಷರ ಮಿನುಗುತ್ತಿದ್ದವು.

ಕೂಡಿಸಿ ಓದಿದರೆ ‘ಓಸಿ’, ಅಂದರೆ ಈ ಊರಿನಲ್ಲಿ ಬಿಟ್ಟಿ. ಬಿಟ್ಟಿ ಊಟ, ಬಿಟ್ಟಿ ಸವಾರಿ, ಎಲ್ಲಕ್ಕೂ ಅದೇ ಮಾತು. ಹುಡುಗನ ಸೋದರಮಾವ ರೋಸ್ ಚೀಟಿಯನ್ನು ಕೈಯಲ್ಲಿ ಹಿಡಿದು ನೇರ ನನ್ನ ಬಳಿ ಬಂದರು. ಮುಖ ಪರದೆಗಿಂತ ಕೆಂಪಾಗಿತ್ತು.

"ಎನ್ನಮ್ಮಾ ಇದು? ಓಸಿ ಸಾಪ್ಪಾಡಾ? ನಾಂಗ ಓಸಿ ಸಾಪ್ಪಾಟುಕ್ಕಾ ವಂದಿರುಕ್ಕೋಂ?"

ನಾವೇನು ಬಿಟ್ಟಿ ಊಟಕ್ಕೆ ಬಂದವರಾ ಎಂದು ಬೀಗರು ಕೇಳುತ್ತಿದ್ದಾರೆ! ತಾಳಿ ಇನ್ನೂ ಕಟ್ಟಿಲ್ಲ! ದೂರದಲ್ಲಿ ಗುರುವಿನ ಮುಖ ಕಂಡಿತು. ಆ ಮುಖವನ್ನು ನಾನು ಅವನ ಹತ್ತನೇ ಕ್ಲಾಸಿನ ಗಣಿತದ ರಿಸಲ್ಟಿನ ದಿನ ಬಿಟ್ಟರೆ ಮತ್ತೆ ನೋಡಿರಲಿಲ್ಲ.

"ಇಲ್ಲ ಸಾರ್, ಒರು ನಿಮಿಷಂ" ಎಂದು, ಆ ಪದ ಮೊದಲು ಮರೆಯಾಗಲಿ ಎಂದು ಅವಸರದಲ್ಲಿ ಮುಂದಿನ ಹೂವು ಒತ್ತಿಬಿಟ್ಟೆ. ಲಿಲಿ.

ಟಣ್! ಟಣ್! ಟಣ್! ಲಿಲಿಯ ಮೊದಲಕ್ಷರವೂ ಟಿ.ವಿ.ಯ ಹೊಟ್ಟೆ ಸೇರಿತು. ಗುಲಾಬಿ ಬಣ್ಣದ ಮೇಲೆ ಉಳಿದ ಐ, ಎಲ್, ವೈಗಳನ್ನು ನಮ್ಮ ಕಡೆಯ ಹೆಂಗಸೊಬ್ಬರು ಜೋರಾಗಿ ಓದಿದರು: "ಇಲಿ!"

"ಇಲಿನಾ? ಎಲ್ಲೇ?"

"ಊಟದ ಹಾಲ್‌ನಲ್ಲಂತೆ! ಬೋರ್ಡ್ ಹಾಕಿದ್ದಾರೆ ನೋಡು!"

ನಮ್ಮ ಕಡೆಯ ಅಷ್ಟೂ ರೇಷ್ಮೆ ಸೀರೆಗಳು ಒಟ್ಟಿಗೆ ಒಂದು ಗೇಣು ಮೇಲಕ್ಕೆ ಎದ್ದವು. ಇಬ್ಬರು ಕುರ್ಚಿ ಹತ್ತಿದರು.

ನಾನು ಪ್ರೋಗ್ರಾಮನ್ನು ಮಧ್ಯದಲ್ಲೇ ಕತ್ತರಿಸಿದೆ. ಕೊನೆಯಲ್ಲಿ ಬಣ್ಣ ಒರೆಸಿ, ಕರ್ಸರ್ ವಾಪಸ್ ತರಬೇಕೆಂದು ಬರೆದಿದ್ದೆ. ಮಧ್ಯದಲ್ಲಿ ನಿಂತರೆ ಏನು ಮಾಡಬೇಕೆಂದು ಬರೆದಿರಲಿಲ್ಲ. ಶುಭಕಾರ್ಯದಲ್ಲಿ ಅಪಶಕುನ ಯಾಕೆ ನುಡಿಯಬೇಕು ಅಂತ! ಹೀಗಾಗಿ ಬಣ್ಣ ಹಾಗೇ ಉಳಿಯಿತು, ಕರ್ಸರ್ ಹೋದದ್ದು ಬರಲಿಲ್ಲ, ಇಲಿ ಮಿನುಗುತ್ತಲೇ ಇತ್ತು. ಅಕ್ಷರದ ಹಿಂದಿನ ನೆಲದ ಬಣ್ಣ ಬದಲಿಸಲು ಟಿಪುಟ್ ಕಮಾಂಡ್ ಹೊಡೆದೆ. ನೆಲದ ಬಣ್ಣಕ್ಕೂ ಅಕ್ಷರದ ಬಣ್ಣಕ್ಕೂ ಆ ಕಮಾಂಡಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಅವಸರದ ಬೆರಳಿಗೆ ಆ ವ್ಯತ್ಯಾಸ ಎಲ್ಲಿ ತಿಳಿಯುತ್ತದೆ? ನಾನಿನ್ನು ಹೊಡೆಯುವ ಅಕ್ಷರಗಳೆಲ್ಲ ಗುಲಾಬಿ ನೆಲದ ಮೇಲೆ ಗುಲಾಬಿ ಅಕ್ಷರಗಳಾದವು. ಏನು ಹೊಡೆಯುತ್ತಿದ್ದೇನೆಂದು ನನಗೇ ಕಾಣದು. ತಪ್ಪಾಯಿತೇನೋ ಎಂದು ಅಳಿಸುವ ಕೀಯನ್ನು ಒತ್ತಿದೆ. ಅಳಿಸಲು ಏನೂ ಇಲ್ಲದಾಗ ಆ ಕೀ ಒತ್ತಿದರೆ ಕಂಪ್ಯೂಟರ್ ಏನು ಮಾಡುತ್ತದೆ ಗೊತ್ತೇ?

ಗಂಟೆ ಹೊಡೆಯುತ್ತದೆ. ಟಣ್! ಟಣ್! ಟಣ್! ಟಣ್!

ನಾದಸ್ವರದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಈ ಸಲ ನಿಜವಿರಬೇಕು’ ಎಂದುಕೊಂಡು ಎರಡನೇ ಬಾರಿ ಗಟ್ಟಿಮೇಳ ಎತ್ತಿಬಿಟ್ಟರು! ಕೈಯಲ್ಲಿ ಅಕ್ಷತೆ ಮಿಕ್ಕಿದ್ದವರು ಅದನ್ನೂ ಎರಚಿ ಧನ್ಯರಾದರು. ಶಾರದತ್ತೆ ಮತ್ತೊಮ್ಮೆ ನಮಸ್ಕಾರ ಮಾಡಿದರು.

ಆಗ ನಮ್ಮವರು ಬಂದರು. ಟಿ.ವಿ.ಯ ಹಿಂದೆ ಕೈ ಹಾಕಿ ವೈರ್ ಕಿತ್ತರು.

ಪರದೆ ನೀಲಿಯಾಯಿತು. ನಟ್ಟನಡುವೆ, ದೊಡ್ಡ ಅಕ್ಷರದಲ್ಲಿ, ಒಂದಕ್ಷರವೂ ತಪ್ಪದೆ, ‘ನೋ ಸಿಗ್ನಲ್’ ಎಂದು ಬಂತು. ನಾನು ಮೂರು ವಾರ ಕೂತು ಮಾಡಲಾಗದ್ದನ್ನು ಆ ಟಿ.ವಿ. ತಾನೇ ಮಾಡಿತ್ತು! ನನ್ನ ಹಿಂದೆ ಯಾರೋ ತಮ್ಮ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, "ನೋ ಸಿಗ್ನಲ್ ಅನ್ನೋ ಹೂವು ಯಾರಿಗೆ ಕೊಟ್ಟಿದ್ದಾರೆ?" ಎಂದು ಕೇಳುತ್ತಿದ್ದರು.

ಹುಡುಗನ ಸೋದರಮಾವ ಇನ್ನೂ ಅಲ್ಲೇ ನಿಂತಿದ್ದರು. ನಾನು ಅವರ ಕೈಯಲ್ಲಿದ್ದ ಚೀಟಿಯನ್ನೇ ತೋರಿಸಿ, ನನಗೆ ಬರುವ ತಮಿಳಿನಲ್ಲಿ ಹೇಳಿದೆ: "ಸಾರ್, ಅದು ರೋಸ್. ಆರ್ ಕಾಣೋಂ." ಆರ್ ಕಾಣೆಯಾಗಿದೆ ಅಂತ!

"ಆರ್ ಕಾಣೋಮಾ?" ಅವರು ಚೀಟಿ ನೋಡಿದರು. ನೀಲಿ ಪರದೆ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಕಡೆಯವರನ್ನೆಲ್ಲ ಕರೆಕರೆದು "ಆರ್ ಕಾಣೋಮಾಂ!" ಎಂದು ಹೇಳಿ ನಗಿಸಿದರು. ಗುರು ಅಲ್ಲಿಯವರೆಗೆ ಹಿಡಿದಿಟ್ಟಿದ್ದ ಉಸಿರು ಬಿಟ್ಟಿದ್ದು ನನಗೆ ಇಲ್ಲಿಗೆ ಕೇಳಿಸಿತು.

ಹಸೆಯ ಮೇಲೆ ವೈಷ್ಣವಿ ನಗು ತಡೆಯಲಾರದೆ ಬಾಸಿಂಗ ಹಿಡಿದುಕೊಂಡಿದ್ದಳು. "ಅತ್ತೆ, ಪರವಾಲ್ಲೆ! ರೆಂಡು ರಿಹರ್ಸಲ್ ಆಚ್ಚು!" ಎಂದು ಅಲ್ಲಿಂದಲೇ ಎಲ್ಲರಿಗೂ ತಿಳಿಯುವಂತೆ ತಮಿಳಿನಲ್ಲಿ ಕೂಗಿದಳು, ಪರವಾಗಿಲ್ಲ, ಎರಡು ರಿಹರ್ಸಲ್ ಆಯ್ತು ಅಂತ. ಪುರೋಹಿತರು ಗಡಿಯಾರ ನೋಡಿ, ಮುಹೂರ್ತ ಇನ್ನೂ ಹನ್ನೆರಡು ನಿಮಿಷ ಇದೆ ಎಂದರು. ಅಡುಗೆಯ ಮೇಸ್ತ್ರಿ ಸುಂದರಂ ಒಂದು ಬೋಗುಣಿ ಅಕ್ಕಿಗೆ ಅರಿಶಿನ ಕಲಸಿ ಮೇಲಕ್ಕೆ ಕಳಿಸಿದರು. ಮೂರನೇ ಗಟ್ಟಿಮೇಳಕ್ಕೆ ತಾಳಿ ಬಿತ್ತು. ಅಷ್ಟು ಮನಸಾರೆ ನಗುತ್ತಾ ಅಕ್ಷತೆ ಹಾಕಿದ ಮದುವೆಯನ್ನು ನಾನು ಇನ್ನೊಂದು ಕಂಡಿಲ್ಲ.

ಊಟದ ವಿಷಯ ಏನಾಯಿತು ಅಂದಿರಾ? ಸುಂದರಂ ಮೆಟ್ಟಿಲ ಮೇಲೆ ನಿಂತು, ಹೆಗಲ ಟವೆಲ್ಲನ್ನು ಒಮ್ಮೆ ಕೊಡವಿ, "ಪೆರಿಯವಂಗ ಎಲ್ಲಾರುಂ ಮೊದಲ್ಲ ಸಾಪ್ಪಿಡ ವಾಂಗೋ!" ಎಂದು ಒಂದೇ ಕೂಗು ಹಾಕಿದರು. ಹಿರಿಯರೆಲ್ಲ ಸಾಲಾಗಿ ಇಳಿದುಹೋದರು. ಒಬ್ಬರೂ ತಳ್ಳಲಿಲ್ಲ. ಸಕ್ಕರೆ ಕಾಯಿಲೆಯ ಅಜ್ಜಿಗೆ ಮೊದಲನೇ ಎಲೆ.

ನಾನು ಕೊನೆಯ ಪಂಕ್ತಿಯಲ್ಲಿ ನಮ್ಮವರ ಪಕ್ಕದಲ್ಲಿ ಕೂತೆ. ಹಾಲ್ ಅರ್ಧ ಖಾಲಿ, ಬೆನ್ನ ಹಿಂದೆ ಯಾರೂ ಇಲ್ಲ. ಬಿಸಿ ಸಾರು ಚೆನ್ನಾಗಿತ್ತು. ಪಾಯಸವನ್ನು ಎರಡು ಸಲ ಹಾಕಿಸಿಕೊಂಡೆ.

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಕಣೇ" ಎಂದರು ನಮ್ಮವರು. "ನಿನ್ನ ಆಫೀಸಿನ ಸರ್ವರ್‌ಗಳಿಗೆ ಮದುವೆ ಆಗೋ ಯೋಗ ಇಲ್ಲ."

ಎದುರಿನ ಎಲೆಗೆ ಒಬ್ಬ ತಾತ ಬಂದು ಕೂತಿದ್ದರು. ನಮ್ಮ ಕಡೆಯ ದೂರದ ನೆಂಟರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಕನ್ನಡ ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು.

"ಮದ್ವೆ ತುಂಬ ಚೆನ್ನಾಗಾಯ್ತಮ್ಮ" ಎಂದರು. "ಅದರಲ್ಲೂ ಮೂಲೇಲಿ ಒಂದು ಬಣ್ಣದ ದೀಪದ ಅಲಂಕಾರ ಮಾಡಿದ್ರಲ್ಲ, ಕೆಂಪು, ಗುಲಾಬಿ, ನೀಲಿ ಅಂತ ಬದಲಾಯಿಸ್ತಾ ಇತ್ತು, ಬಹಳ ಸೊಗಸು! ಆದ್ರೆ ಒಂದು ಕೇಳ್ತೀನಿ. ಕಂಪ್ಯೂಟರ್‌ನಲ್ಲಿ ಊಟಕ್ಕೆ ಕರೆಯೋ ಬೋರ್ಡ್ ಯಾರೋ ಹೆಂಗಸು ಮಾಡ್ತಾರೆ ಅಂದಿದ್ರು. ನಾನು ಕೊನೇವರೆಗೂ ಹುಡುಕ್ದೆ. ಎಲ್ಲಿತ್ತಮ್ಮ ಅದು?"

ನಮ್ಮವರು ಮಜ್ಜಿಗೆ ಕುಡಿಯುತ್ತಿದ್ದವರು ಕೆಮ್ಮಿದರು.

"ಆಯಮ್ಮ ಬರಲೇ ಇಲ್ಲ ತಾತ" ಎಂದು ಹೇಳಿ, ನಾನು ಎಲೆ ಮಡಚಿದೆ.