ಹದಿನೈದನೆಯವಳ ಮುಗಿಯದ ಕಾದಂಬರಿ

ನಮ್ಮಂಥ ಊರಲ್ಲಿ ಕ್ವಿಯರ್ ಸಿದ್ಧಾಂತ ಕಲಿಸುವವಳಿಗೆ ನಗೆಯ ಬರ ಬರುವುದೇ ಇಲ್ಲ. ನಾನು ಬೇಡವೆಂದರೂ ಏನಾದರೊಂದು ನಡೆಯುತ್ತಲೇ ಇರುತ್ತದೆ. ಗದಗ ಹೊಸ ಜಿಲ್ಲೆ, ನಮ್ಮ ಎಂ.ಎ. ಅದಕ್ಕಿಂತ ಹೊಸದು, ಅದರಲ್ಲಿ ನಾನು ಕಲಿಸುವ ಐಚ್ಛಿಕ ಪೇಪರ್ ಎಲ್ಲಕ್ಕಿಂತ ಹೊಸದು. ಮುಂದೆ ಬರಬಹುದಾದ ಭಯಂಕರ ರಾಜ್ಯಗಳ ಕಾದಂಬರಿಗಳನ್ನು, ಗಂಡು, ಹೆಣ್ಣು, ಮದುವೆ ಎಂಬ ಅಚ್ಚಿನಲ್ಲಿ ಕೂರದವರ ಕಣ್ಣಿನಿಂದ ಓದುವುದು. ಇಷ್ಟನ್ನು ಪ್ರಾಚಾರ್ಯರಿಗೆ ತಿಳಿಸಿ ಹೇಳುವುದಕ್ಕೇ ಒಂದು ವರ್ಷ ಹಿಡಿಯಿತು.

ಬಸ್ಸಿನ ಕೃಪೆ

ಹದಿನೈದು ಜನ ಇದ್ದರೆ ಪೇಪರ್, ನಡುವೆ ಒಬ್ಬರು ಬಿಟ್ಟರೂ ಬಂದ್. ಇದು ಪ್ರಾಚಾರ್ಯರ ಕಟ್ಟಪ್ಪಣೆ. ಈ ವರ್ಷ ಹದಿನಾಲ್ಕಕ್ಕೆ ಬಂದು ಗಾಡಿ ನಿಂತಿತು. ಕೊನೆಯ ದಿನ ಲಕ್ಷ್ಮೇಶ್ವರದ ಹುಡುಗಿಯೊಬ್ಬಳು ಬಂದು ಸಹಿ ಹಾಕಿದಳು. ನನ್ನ ಕಣ್ಣು ತುಂಬಿ ಬಂತು. ಈ ವಿಷಯವೇ ಯಾಕೆ ಬೇಕೆನಿಸಿತು ಎಂದು ಕೇಳಿದೆ.

"ಉಳದ ಪೇಪರಿನ ಕ್ಲಾಸ್ ಬಿಡೂದ್ರಾಗ ನಮ್ಮೂರ ಬಸ್ ಹೋಗಿರ್ತೈತ್ರಿ ಮೇಡಂ. ನಿಮ್ಮದು ಬಸ್ಸಿಗೆ ಹೊಂದತೈತಿ."

ಭಯಂಕರ ರಾಜ್ಯ

ಮೊದಲ ಪಾಠದಲ್ಲಿ ದನಿ ತಗ್ಗಿಸಿ ಬಣ್ಣಿಸಿದೆ. ಆ ರಾಜ್ಯದಲ್ಲಿ ಯಾರ ಜೊತೆ ನಿಂತು ಮಾತಾಡಿದರೂ ಮೇಲಿನವರಿಗೆ ಸುದ್ದಿ ಮುಟ್ಟುತ್ತದೆ. ಏನು ಉಡಬೇಕು, ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂದು ಅವರೇ ಹೇಳುತ್ತಾರೆ. ಯಾರನ್ನು ಮದುವೆಯಾಗಬೇಕೆಂದು ಹಿರಿಯರ ಮಂಡಳಿ ಕೂತು ತೀರ್ಮಾನಿಸುತ್ತದೆ. ಒಬ್ಬರೂ ಬೆಚ್ಚಲಿಲ್ಲ. ಶಿರಹಟ್ಟಿಯ ಹುಡುಗನೊಬ್ಬ ಬರೆಯದೆ ಪೆನ್ನು ಹಿಡಿದು ಕಾಯುತ್ತಿದ್ದ. ಏನಪ್ಪಾ ಎಂದೆ.

"ಮೇಡಂ, ಇದು ನಮ್ಮ ಓಣಿದು ಆತು. ಭಯಂಕರ ರಾಜ್ಯದ್ದು ಯಾವಾಗ ಹೇಳ್ತೀರಿ?"

ಕನ್ಯಾ ನೋಡಲು ಬಂದವರು

ದೀಪಾವಳಿ ಮುಗಿದ ಮೇಲೆ ಹದಿನೈದನೆಯವಳು, ಅದೇ ಲಕ್ಷ್ಮೇಶ್ವರದ ಹುಡುಗಿ, ಮುಖ ಸಣ್ಣ ಮಾಡಿಕೊಂಡು ಬಂದಳು. ರವಿವಾರ ಮುಂಡರಗಿಯಿಂದ ಕನ್ಯಾ ನೋಡಲು ಬರುತ್ತಾರಂತೆ. ಕೂಡಿಬಂದರೆ ಲಗ್ನ, ಓದು ಅಲ್ಲಿಗೇ ಮುಗಿಯಿತು. ಅಪ್ಪನಿಗೆ ಬೇಡವೆನ್ನುವ ಧೈರ್ಯ ಅವಳಿಗಿಲ್ಲ. ಅವಳಿಗೆ ಎಂ.ಎ. ಹೋಗುವ ಸಂಕಟ, ನನಗೆ ಅವಳೂ ಪೇಪರೂ ಒಟ್ಟಿಗೇ ಹೋಗುವ ಸಂಕಟ.

ಸೋಮವಾರ ನೋಡಿದರೆ ನಗುತ್ತಾ ಬಂದಳು. ಅವಲಕ್ಕಿ, ಚಹಾ ಆದ ಮೇಲೆ ಹುಡುಗನ ಅಜ್ಜಿ ವಾಡಿಕೆಯಂತೆ ಏನು ಓದುತ್ತೀ ಎಂದು ಕೇಳಿದರಂತೆ. ಇಂಥಲ್ಲಿ ತಲೆ ತಗ್ಗಿಸಿ ಒಂದು ಮಾತಿನಲ್ಲಿ ಮುಗಿಸುವುದು ರೂಢಿ. ಇವಳು ನಮ್ಮ ಪಠ್ಯದ ಕಾದಂಬರಿಯ ಕಥೆಯನ್ನೇ ಶುರುಮಾಡಿದ್ದಾಳೆ. ಒಬ್ಬರನ್ನೊಬ್ಬರು ಪ್ರೀತಿಸಿದ ಇಬ್ಬರು ಹುಡುಗಿಯರು, ಅವರಿಗೆ ಬೇರೆ ಬೇರೆ ಗಂಡು ಗೊತ್ತುಮಾಡಿದ ಸರಕಾರ, ಗಡಿಯ ಕಡೆಗೆ ಅವರ ಓಟ, ಹಿಂದೆ ಪೊಲೀಸರು. ಅವಳ ಅಪ್ಪ ಕೆಮ್ಮಿದರು. ಹುಡುಗನ ಅಪ್ಪ ಚಪ್ಪಲಿ ಹುಡುಕಿದರು. ಅಜ್ಜಿ ಮಾತ್ರ ಅವಳ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡು, ಮುಂದೇನಾಯಿತು ಎಂದರಂತೆ. ಇವಳಿಗೆ ಅಲ್ಲಿ ಬುದ್ಧಿ ಓಡಿತು: ಮುಂದಿನದು ಇನ್ನೂ ಓದಿಲ್ಲ ಎಂದಳು.

ಅಜ್ಜಿ ಅಲ್ಲಿಯೇ ತೀರ್ಪು ಕೊಟ್ಟರು. "ಹುಡುಗಿ ನಮಗ ಪಸಂದ ಐತಿ. ಆದ್ರ ಪುಸ್ತಕ ಪೂರಾ ಮಾಡ್ಲಿ. ಅಲ್ಲೀತನಾ ಲಗ್ನದ ಮಾತು ಬ್ಯಾಡ."

ಅಂದಿನಿಂದ ಅವಳು ಅಜ್ಜಿಗೆ ಫೋನಿನಲ್ಲಿ ಒಪ್ಪಿಸುವ ಲೆಕ್ಕದಲ್ಲಿ ವಾರಕ್ಕೊಂದು ಪುಟ ಓದುತ್ತಾಳೆ. ಪರೀಕ್ಷೆಗೆಂದು ಅದೇ ಕಾದಂಬರಿಯನ್ನು ಮೂರು ಸಲ ಓದಿ ಮುಗಿಸಿದ್ದಾಳೆ, ಅದು ಬೇರೆ ಮಾತು.

ಮೊನ್ನೆ ಆ ಅಜ್ಜಿ ತಾಳ್ಮೆಗೆಟ್ಟು ನನಗೇ ಫೋನ್ ಹಚ್ಚಿದರು. "ಕಾಲೇಜ ಬಾಯಾರ, ಆ ಹುಡುಗ್ಯಾರು ಗಡಿ ದಾಟಿದ್ರೋ ಇಲ್ಲೋ? ಅಷ್ಟ ಹೇಳಿಬಿಡ್ರಿ, ಜೀವಕ್ಕ ಸಮಾಧಾನ ಇಲ್ಲ."

ನನ್ನೆದುರಿಗೆ ಹಾಜರಿ ಪುಸ್ತಕ ತೆರೆದಿತ್ತು, ಅದರಲ್ಲಿ ಹದಿನೈದು ಹೆಸರು. ಆ ಕಾದಂಬರಿಯನ್ನು ನಾನು ಮೂರು ವರ್ಷದಿಂದ ಕಲಿಸುತ್ತಿದ್ದೇನೆ.

"ನಾನೂ ಇನ್ನಾ ಓದಾಕತ್ತೀನ್ರಿ ಅಜ್ಜಿ," ಎಂದೆ.