ಹೆಗಲ ಮೇಲಿನ ಕೈ

ಸಿಂದಗಿ ತಾಲೂಕಿನಲ್ಲಿ ಜೋಡಿ ಫೋಟೊ ಇಲ್ಲದ ಮನೆಯೇ ಉಳಿಯಬಾರದು ಎಂದು ಶ್ರೀಶೈಲ ಪಣ ತೊಟ್ಟಿದ್ದು ತನ್ನ ಸ್ಟುಡಿಯೊಕ್ಕೆ ಮೊದಲ ಕಂಪ್ಯೂಟರ್ ಬಂದ ದಿನ. ತೀರಿಕೊಂಡವರ ಮುಖ ವೋಟಿನ ಕಾರ್ಡಿನಲ್ಲಿದ್ದರೂ ಸಾಕು. ಅದಕ್ಕೊಂದು ಮೈ ಜೋಡಿಸಿ, ಬದುಕಿದ್ದವರ ಪಕ್ಕಕ್ಕೆ ತಂದು, ಹಿಂದೆ ಕಂಬ ಮೆಟ್ಟಿಲುಗಳ ಪರದೆ ಇಳಿಬಿಟ್ಟು, ಕಂದು ಬಣ್ಣ ಬಳಿದು ಅಜ್ಜನ ಕಾಲದ ಫೋಟೊ ಮಾಡಿಕೊಡುತ್ತಿದ್ದ.

ಮೈ ಎಲ್ಲಿಂದ ತರುವುದು? ತಾನೇ ಕೋಟು ತೊಟ್ಟು ಕುರ್ಚಿಯಲ್ಲಿ ಕುಳಿತು ಒಂದು ಫೋಟೊ ತೆಗೆಸಿಕೊಂಡಿದ್ದ. ತಾಲೂಕಿನ ತೀರಿಕೊಂಡ ಗಂಡಂದಿರೆಲ್ಲ ಕುತ್ತಿಗೆಯಿಂದ ಕೆಳಗೆ ಶ್ರೀಶೈಲನೇ ಆದರು.

ಹೆಂಡತಿ ಸುನಂದಾ ದೇವಣಗಾಂವದ ಮುದುಕಿ ಗುರವ್ವಾಯಿಯ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿ ಬರುವ ತನಕ ಎಲ್ಲ ಚೆನ್ನಾಗಿಯೇ ಇತ್ತು.

"ಗುರವ್ವಾಯಿ ಮನಿ ಫೋಟೊದಾಗ ಆಕಿ ಬಾಜೂಕ ಕುಂತಾವ್ರು ಯಾರ್ರಿ?"

"ಆಕಿ ಗಂಡ. ತೀರಿಕೊಂಡು ಭಾಳ ವರ್ಷಾತು."

"ತೀರಿಕೊಂಡಾವಂಗ ನಿಮ್ಮ ಸೊಟ್ಟ ಕಿರುಬೆರಳು ಹ್ಯಾಂಗ ಬಂತು?"

ಶ್ರೀಶೈಲ ಕಿರುಬೆರಳನ್ನು ಮೆಲ್ಲಗೆ ಮಡಚಿಕೊಂಡ. "ಆಕಿಗಿ ಎಪ್ಪತ್ತು ದಾಟೇತಿ, ಸುನಂದಾ."

"ದಾಟಿದ್ರೂ ಹೆಗಲ ಮ್ಯಾಲೆ ಕೈ ಇಟ್ಟಾಳಲ್ಲ? ನಮ್ಮ ಮದುವ್ಯಾಗ ನಿಮ್ಮ ಗೆಳ್ಯಾ ಕ್ಯಾಮೆರಾಕ್ಕ ರೀಲು ಹಾಕೂದ ಮರತ. ನನಗ ಇವತ್ತಿಗೂ ಜೋಡಿ ಫೋಟೊ ಇಲ್ಲ. ಊರ ಮುದುಕ್ಯಾರಿಗೆಲ್ಲಾ ನೀವ ಗಂಡ."

ಅದೇ ವಾರ ಬಸಂತರಾಯ ಎಂಬ ಮುದುಕ ತೀರಿಕೊಂಡ ಹೆಂಡತಿಯ ಮುಖದ ಫೋಟೊ ತಂದು, ತಾನು ಕುರ್ಚಿಯಲ್ಲಿ ಕುಳಿತು ಫೋಟೊ ಹೊಡೆಸಿಕೊಂಡು ಹೋದ. ಈಗ ಹೆಂಗಸಿನ ಮೈ ಬೇಕಾಯಿತು. "ನಾ ನಿಂದರ್ತೇನಿ" ಎಂದು ಸುನಂದಾ ಇಳಕಲ್ ಸೀರೆ ಉಟ್ಟು ಬಂದಳು. ಶ್ರೀಶೈಲ ಅವಳ ಕೈಯನ್ನು ಖಾಲಿ ಕುರ್ಚಿಯ ಬೆನ್ನಿನ ಮೇಲೆ ಇಡಿಸಿ ಫೋಟೊ ಹೊಡೆದ.

ಕಂಪ್ಯೂಟರಿನಲ್ಲಿ ಸುನಂದಾಳ ಕೈಯನ್ನು ಮುದುಕನ ಹೆಗಲಿಗೆ ತರಲು ಅವನಿಗೆ ಮನಸ್ಸೇ ಬರಲಿಲ್ಲ. ಕೈ ತಾನಾಗಿಯೇ ಹೆಗಲಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ನೋಡಲು ಬಂದ ಬಸಂತರಾಯ ಕನ್ನಡಕ ಏರಿಸಿದ.

"ತಮ್ಮಾ, ಕೈ ಗಾಳ್ಯಾಗ ಐತಲ್ಲೋ. ಆಕಿ ನನ್ನಿಂದ ಇಷ್ಟು ದೂರ ಎಂದೂ ನಿಂತಾಕಿ ಅಲ್ಲ."

"ಹಿಂಗ ಚಂದ ಕಾಣ್ತೈತ್ರಿ, ಕಾಕಾ."

"ಹಚ್ರಿ, ಹಚ್ರಿ," ಎಂದಳು ಬಾಗಿಲಲ್ಲಿದ್ದ ಸುನಂದಾ. "ಅವರಿಗಿ ಎಂಬತ್ತು ದಾಟೇತಿ."

ಶ್ರೀಶೈಲ ಕಣ್ಣು ಮುಚ್ಚಿ ಕೈಯನ್ನು ಹೆಗಲಿಗೆ ಅಂಟಿಸಿದ. ಆ ಹೊಟ್ಟೆಕಿಚ್ಚಿನಲ್ಲೇ ಮರುದಿನ ಹೆಂಡತಿಗೆ ಅದೇ ಸೀರೆ ಉಡಿಸಿ, ತನ್ನ ಮೈಮೇಲೆ ತನ್ನದೇ ತಲೆ ಇಟ್ಟುಕೊಂಡು ಜೋಡಿ ಫೋಟೊ ತೆಗೆಸಿದ. ದೊಡ್ಡದು ಮಾಡಿ, ಕಟ್ಟು ಹಾಕಿಸಿ ಸ್ಟುಡಿಯೊದ ಗಾಜಿನ ಕಪಾಟಿನಲ್ಲಿಟ್ಟ. ಹೆಂಡತಿ ಯಾರವಳೆಂದು ಈಗ ಊರೇ ನೋಡಲಿ. ಸುನಂದಾ ನೆಪ ಮಾಡಿಕೊಂಡು ಆ ದಾರಿಯಲ್ಲೇ ಓಡಾಡಿದಳು.

ತನ್ನ ಫೋಟೊ ಒಯ್ಯಲು ಬಂದ ಬಸಂತರಾಯ, ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟವನು ಕಪಾಟಿನ ಮುಂದೆ ನಿಂತುಬಿಟ್ಟ. ಅದನ್ನೊಮ್ಮೆ ನೋಡಿದ, ಇದನ್ನೊಮ್ಮೆ ನೋಡಿದ. ಅದೇ ಸೀರೆ, ಅದೇ ಬಳೆ, ಅದೇ ಕೈ. ಬಡಿಗೆಯಿಂದ ಗಾಜು ತಟ್ಟಿದ.

"ಶ್ರೀಶೈಲಾ, ಹೊರಗ ಬಾ. ನನ್ನ ಹೆಂಡ್ತಿ ಕೈ ನಿನ್ನ ಹೆಗಲ ಮ್ಯಾಲೆ ಯಾಕ ಐತಿ?"

"ಅದು... ನನ್ನ ಹೆಂಡ್ತಿ ಕೈರಿ, ಕಾಕಾ."

"ಹಂಗಾರ ನನ್ನ ಹೆಗಲ ಮ್ಯಾಲೆ ಇರೂದು ಯಾರ ಕೈ?"

ತಾಲೂಕಿನ ತೀರಿಕೊಂಡ ಗಂಡಂದಿರೆಲ್ಲ ಒಂದೇ ಮೈಯಲ್ಲಿದ್ದ ಶ್ರೀಶೈಲ ಟವೆಲ್ಲಿನಿಂದ ಕಪಾಟಿನ ಗಾಜು ಒರೆಸತೊಡಗಿದ.

"ಇಳಸು ಅದನ್ನ," ಎಂದ ಮುದುಕ. "ನಾ ಇನ್ನಾ ಸತ್ತಿಲ್ಲ."